ಕಂಬಳಿ ಬಾಡಿಗೆಗೆ ಸಿಗುತ್ತೆ, ಹಾಡು ಸಿಗುತ್ತಾ?

ಹೋದ ವರ್ಷದ ಗಣಪತಿ ಹಬ್ಬ. ಶಿವಮೊಗ್ಗದಿಂದ ಭದ್ರಾವತಿಗೆ ಹೊರಟಿದ್ದವನು ಮಾಚೇನಹಳ್ಳಿ ಹತ್ತಿರ ಒಂದು ಪೆಂಡಾಲ್ ಕಂಡು ಗಾಡಿ ನಿಲ್ಲಿಸಿದೆ. ಆರ್ಕೆಸ್ಟ್ರಾ ನಡೆದಿತ್ತು. ಮೈಕ್ ಹಿಡಿದಿದ್ದ ಹುಡುಗನಿಗೆ ಹೆಚ್ಚೆಂದರೆ ಹತ್ತೊಂಬತ್ತು ವರ್ಷ. ರಾತ್ರಿ ಹತ್ತು ಗಂಟೆಗೂ ಕಣ್ಣಿಗೆ ಕಪ್ಪು ಕನ್ನಡಕ! ಅರ್ಧ ಇಂಗ್ಲಿಷ್, ಕಾಲು ಹಿಂದಿ, ಉಳಿದ ಕಾಲು ಕನ್ನಡದ ರ‍್ಯಾಪ್. ಆದರೆ ದನಿ ಮಾತ್ರ ಚಿನ್ನ.

ಹಾಡು ಮುಗಿದ ಮೇಲೆ ಮಾತಿಗೆ ಸಿಕ್ಕ. ಹೈಸ್ಕೂಲಿನಿಂದಲೇ ಸ್ಟೇಜ್ ಹತ್ತಿದವನು. ಹಗಲು ಅಲ್ಲೇ ಕೈಗಾರಿಕಾ ಪ್ರದೇಶದ ಫೌಂಡ್ರಿಯೊಂದರಲ್ಲಿ ಕೆಲಸ. "ಈ ಪಾಪ್ ಗೀಪ್ ಸಾಕಾಯ್ತಣ್ಣ. ಚಿಕ್ಕ ಹುಡುಗ್ರ ಆಟ ಇದು. ಮುಂದಿನ ವರ್ಷ ಜಾನಪದ ಆಲ್ಬಂ ಮಾಡ್ತೀನಿ. ಕಂಬಳಿ, ಡೊಳ್ಳು, ಕಂಸಾಳೆ ಎಲ್ಲಾ ಬಾಡಿಗೆಗೆ ಸಿಗುತ್ತೆ" ಅಂದ.

ನಗಬೇಡಿ. ಆ ಹುಡುಗನ ಆಸೆ ಅಪ್ಪಟವಾದದ್ದು. ಹದಿನೈದರಲ್ಲಿ ಕುಣಿಸಿದ ಹಾಡು ಇಪ್ಪತ್ತರಲ್ಲಿ ಸಪ್ಪೆ ಅನಿಸಿದರೆ ಅವನು ಬೆಳೆಯುತ್ತಿದ್ದಾನೆ ಅಂತಲೇ ಅರ್ಥ. ನಿಮ್ಮಲ್ಲೂ ಎಷ್ಟೋ ಜನಕ್ಕೆ ಹಾಗನಿಸಿರಬಹುದು. ನನ್ನ ತಕರಾರು ಇರುವುದು ಆ ಬಾಡಿಗೆಯ ಬಗ್ಗೆ.

ಚಂದನ್ ಶೆಟ್ಟಿ ನಿಮಗೆ ಗೊತ್ತು. 'ಮೂರು ಪೆಗ್' ಹಾಡಿ ಹುಡುಗರ ಎದೆಗೆ ನುಗ್ಗಿದವರು, 2018ರಲ್ಲಿ ಬಿಗ್ ಬಾಸ್ ಗೆದ್ದವರು. ಇಂಗ್ಲಿಷ್ ರ‍್ಯಾಪಿಗೆ ಬಾಯಿ ಬಿಡುತ್ತಿದ್ದ ಹುಡುಗರನ್ನು ಕನ್ನಡ ರ‍್ಯಾಪಿನ ಕಡೆ ತಿರುಗಿಸಿದ್ದರಲ್ಲಿ ಅವರ ಪಾಲೂ ಇದೆ, ಅದನ್ನು ಮರೆಯಬಾರದು. ಅವರಿಗೂ ಜಾನಪದದ ಕಡೆ ಮನಸ್ಸಾಯಿತು. 2020ರ ಆಗಸ್ಟಿನಲ್ಲಿ 'ಕೋಲುಮಂಡೆ'ಯನ್ನು ರ‍್ಯಾಪ್ ಮಾಡಿ ಬಿಟ್ಟರು. ಮಲೆ ಮಹದೇಶ್ವರನ ಭಕ್ತರು ಸಿಡಿದೆದ್ದರು. ಚಂದನ್ ಕ್ಷಮೆ ಕೇಳಿದರು, ವಿಡಿಯೋ ಯೂಟ್ಯೂಬಿನಿಂದ ಇಳಿಯಿತು.

ಯಾಕೆ ಸಿಟ್ಟು ಬಂತು? ಮಹದೇಶ್ವರನ ಕಾವ್ಯದಲ್ಲಿ ಸಂಕಮ್ಮನ ಸಾಲು ಎಂಬ ಭಾಗವಿದೆ. ಗಂಡ ನೀಲೇಗೌಡನಿಗೆ ಹೆಂಡತಿಯ ಮೇಲೆ ಅನುಮಾನ. ಕಾಡಿಗೆ ಹೋಗುವ ಮುಂಚೆ ಆಣೆ ಭಾಷೆ ಕೊಡು ಅನ್ನುತ್ತಾನೆ. ಅವಳು ಕೊಡುವುದಿಲ್ಲ. ಹಿಂಸೆ ಕೊಟ್ಟು, ಕಟ್ಟಿ ಹಾಕಿ ಹೋಗುತ್ತಾನೆ. ಆ ಹೆಣ್ಣಿನ ಬಾಗಿಲಿಗೆ ಮಾದಪ್ಪ ಜಂಗಮನ ವೇಷದಲ್ಲಿ ಭಿಕ್ಷೆಗೆ ಬಂದು ನಿಲ್ಲುತ್ತಾನೆ. ದೇವರಗುಡ್ಡರು ಕಂಸಾಳೆ ಹಿಡಿದು ರಾತ್ರಿಯಿಡೀ ಹಾಡುವ ಕತೆ ಇದು, ಕೇಳುವ ಹೆಂಗಸರು ಕಣ್ಣೊರೆಸಿಕೊಳ್ಳುವ ಕತೆ. ಆ ಸಂಕಮ್ಮನನ್ನು ವಿಡಿಯೋದಲ್ಲಿ ಬಳುಕಿಸಿದರೆ ಹಾಡಿಕೊಂಡು ಬಂದವರಿಗೆ ಹೇಗಾಗಬೇಡ? ರ‍್ಯಾಪ್ ಮಾಡಿದ್ದು ತಪ್ಪಲ್ಲ. ಡ್ರಮ್ಸ್ ಬಾರಿಸಿದ್ದೂ ತಪ್ಪಲ್ಲ. ರಾಗ ಕೈಗೆ ಸಿಕ್ಕಿತು, ಆ ಹೆಂಗಸಿನ ನೋವು ಸಿಗಲಿಲ್ಲ. ತಪ್ಪಿದ್ದು ಅಲ್ಲಿ.

ಡ್ರಮ್ಸ್ ತಪ್ಪಲ್ಲ ಅನ್ನುವುದಕ್ಕೆ ಸಾಕ್ಷಿ ಬೇಕೇ? ಅದೇ ಮಹದೇಶ್ವರನ ಮೇಲಿನ ಹಾಡೊಂದನ್ನು ರಘು ದೀಕ್ಷಿತ್ 2008ರ 'ಸೈಕೋ' ಸಿನಿಮಾದಲ್ಲಿ ಗಿಟಾರಿನ ಜತೆಗೇ ಹಾಡಿದರು. ಕಾಲೇಜು ಹುಡುಗರು ಅದಕ್ಕೆ ಹುಚ್ಚೆದ್ದು ಕುಣಿದರು. ಮೈಸೂರಿನಲ್ಲಿ ಮೈಕ್ರೋಬಯಾಲಜಿ ಓದಿದ ರಘು ಅದೇ 2008ರ ತಮ್ಮ ಮೊದಲ ಆಲ್ಬಮಿನಲ್ಲಿ ಇಂಗ್ಲಿಷ್, ಹಿಂದಿ ಹಾಡುಗಳ ಪಕ್ಕಕ್ಕೇ ಶಿಶುನಾಳ ಶರೀಫರನ್ನು ಕೂರಿಸಿದರು. ಅವರೂ ಲುಂಗಿ ಉಟ್ಟು ಗೆಜ್ಜೆ ಕಟ್ಟುವ ವೇಷದವರೇ ಅನ್ನಿ. ಆದರೆ ಶರೀಫರ ಮಾತು ಅವರ ಬಾಯಲ್ಲಿ ಮುಕ್ಕಾಗಲಿಲ್ಲ.

ಆದರೂ ಅವು ಶರೀಫರ ಹಾಡುಗಳು. ಹಿರಿಯರ ಹಾಡು ಹಾಡುವುದು ಅರ್ಧ ದಾರಿ. ಉಳಿದರ್ಧದ ಮಾತನ್ನು ನಮ್ಮಲ್ಲಿ ಯಾರೂ ಎತ್ತುವುದೇ ಇಲ್ಲ.

ಈ ಪೂರ್ತಿ ದಾರಿ ನಡೆದವಳೊಬ್ಬಳು ಅಮೆರಿಕದಲ್ಲಿದ್ದಾಳೆ. ಮ್ಯಾಂಡಿ ಮೂರ್. 1999ರಲ್ಲಿ, ಹದಿನೈದರ ಹುಡುಗಿ, 'ಕ್ಯಾಂಡಿ' ಎಂಬ ಹಾಡಿನಿಂದ ಪೇಟೆಗೆ ಬಂದಳು. ಹೆಸರಿಗೆ ತಕ್ಕ ಹಾಗೆ ಪೆಪ್ಪರಮೆಂಟೇ. ಹಾಡು ಬೇರೆಯವರದು, ದನಿ ಇವಳದು, ಲಾಭ ಕಂಪನಿಯದು. ಹತ್ತೊಂಬತ್ತಕ್ಕೆ ಅವಳಿಗೂ ಅದು ಸಾಕಾಯಿತು. 2003ರಲ್ಲಿ 'ಕವರೇಜ್' ಎಂಬ ಆಲ್ಬಂ ಮಾಡಿದಳು. ಅದರಲ್ಲಿದ್ದದ್ದು ಜೋನಿ ಮಿಚೆಲ್, ಕ್ಯಾರಲ್ ಕಿಂಗ್ ಥರದ ಹಿಂದಿನ ತಲೆಮಾರಿನವರ ಹಾಡುಗಳು. ಒಂದು ರೀತಿ ಹಿರಿಯರ ಮುಂದೆ ಕೂತು ಪಾಠ ಹೇಳಿಸಿಕೊಂಡ ಹಾಗೆ. ಆಮೇಲೆ ನಾಲ್ಕು ವರ್ಷ ಬಿಟ್ಟು, 2007ರಲ್ಲಿ 'ವೈಲ್ಡ್ ಹೋಪ್' ತಂದಳು. ಅದರ ಹಾಡುಗಳನ್ನು ಬೇರೆ ಗೀತಕಾರರ ಜತೆ ಕೂತು ಅವಳೇ ಬರೆದಳು. ಜಾನಪದದ ಬನಿ ಇರುವ ಮೆಲುದನಿಯ ಹಾಡುಗಳು. ಮೊದಲಿನಷ್ಟು ಮಾರಾಟವಾಗಲಿಲ್ಲ. ಅವಳು ಮಾತ್ರ ಹಿಂದಿರುಗಿ ಹೋಗಲಿಲ್ಲ, 2009ರಲ್ಲಿ ಇನ್ನೊಂದು, 2020ರಲ್ಲಿ ಮತ್ತೊಂದು ಆಲ್ಬಂ ಮಾಡಿದಳು.

ಇಂಗ್ಲಿಷಿನವಳನ್ನು ಯಾಕೆ ತಂದಿರಿ ಅಂತ ಕೇಳುತ್ತೀರಿ. ಸರಿ, ನಮ್ಮ ಜಿಲ್ಲೆಗೇ ಬನ್ನಿ. 'ಕಾಡು ಕುದುರೆ' ಸಿನಿಮಾದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣ, ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ತಂದ ಮೊದಲ ಕನ್ನಡಿಗ, ನಮ್ಮ ಜಿಲ್ಲೆಯ ನಗರದವರು. ವೃತ್ತಿಯಲ್ಲಿ ವಕೀಲರು. 2022ರ ಆಗಸ್ಟಿನಲ್ಲಿ ತೀರಿಕೊಂಡರು. ಆ ಹಾಡನ್ನು ಹಳ್ಳಿಯ ಅಜ್ಜಿಯರು ಕಟ್ಟಿದ್ದು ಎಂದುಕೊಂಡವರು ಇವತ್ತಿಗೂ ಇದ್ದಾರೆ. ಅಲ್ಲ ಸ್ವಾಮಿ! ಅದನ್ನು ಬರೆದವರು ಚಂದ್ರಶೇಖರ ಕಂಬಾರರು. ಘೋಡಗೇರಿಯ ಮಣ್ಣಿನ ಮಾತಿನಲ್ಲಿ, ಹಳೆಯ ಲಯದಲ್ಲಿ, ಹೊಚ್ಚ ಹೊಸದಾಗಿ ಕಟ್ಟಿದರು. ಜಾನಪದ ಅಂದರೆ ಹಳೆಯದನ್ನು ಬೀರುವಿನಿಂದ ತೆಗೆದು ಧೂಳು ಕೊಡವುವುದು ಅಂದುಕೊಂಡಿದ್ದರೆ ಅದು ನಿಮ್ಮ ಭ್ರಮೆ. ಇವತ್ತು ಕಟ್ಟಿದ್ದೂ ಜಾನಪದದ ಬನಿ ಪಡೆಯಬಹುದು, ಕಟ್ಟುವವನ ಬಾಯಲ್ಲಿ ಅವನ ಊರಿನ ಮಾತಿದ್ದರೆ.

ಶರೀಫರು ಮಾಡಿದ್ದೂ ಅದನ್ನೇ ಅಲ್ಲವೇ? ಅವರು ಬದುಕಿದ್ದದ್ದು 1819ರಿಂದ 1889. ಸೇದುವ ಗುಡುಗುಡಿ ನೋಡಿದರು, ಹಾಡಾಯಿತು. ಸೋರುವ ಮಾಳಿಗೆ ನೋಡಿದರು, ಹಾಡಾಯಿತು. ಆ ಕಾಲಕ್ಕೆ ಹೊಸದಾಗಿ ಬಂದ ಗಿರಣಿಯನ್ನು ನೋಡಿದರು, ಅದೂ ಹಾಡಾಯಿತು! ಯಂತ್ರ ಕಂಡು ಇದು ನಮ್ಮ ಸಂಸ್ಕೃತಿಯಲ್ಲ ಅಂತ ಮುಖ ತಿರುಗಿಸಲಿಲ್ಲ.

ಅದಕ್ಕೇ ಆ ಫೌಂಡ್ರಿ ಹುಡುಗನ ಮಾತು ಕೇಳಿ ನನಗೆ ಸಂಕಟವಾಯಿತು. ಅವನು ಎಂದೂ ಕುರಿ ಕಾಯ್ದವನಲ್ಲ, ಕಂಬಳಿ ಬಾಡಿಗೆಗೆ ತರುತ್ತಾನೆ. ಆದರೆ ದಿನವೂ ಕಾದ ಕಬ್ಬಿಣ ಎರಕ ಹೊಯ್ಯುವುದನ್ನು ನೋಡುತ್ತಾನೆ, ಮೈಗೆಲ್ಲ ಅಚ್ಚಿನ ಮರಳು ಮೆತ್ತಿಕೊಂಡು ಮನೆಗೆ ಹೋಗುತ್ತಾನೆ, ಅದರ ಮೇಲೆ ಒಂದು ಸಾಲು ಬರೆಯುವುದಿಲ್ಲ. ಸ್ವಲ್ಪ ಆಚೆಗೆ ಭದ್ರಾವತಿ. ಅಲ್ಲಿ 1923ರಿಂದ ಕಬ್ಬಿಣ ಕರಗಿಸಿದ ಕಾರ್ಖಾನೆಯನ್ನು ಮುಚ್ಚುವ ಮಾತು 2023ರಲ್ಲಿ ಬಂತು, ಕಾರ್ಮಿಕರು ಬೀದಿಗಿಳಿದರು. 1936ರಲ್ಲಿ ಹುಟ್ಟಿದ ಎಂಪಿಎಂ ಕಾಗದ ಕಾರ್ಖಾನೆ 2015ರಲ್ಲಿ ನಿಂತೇ ಹೋಯಿತು. ಎಷ್ಟು ಮನೆಯ ಒಲೆ ಅದನ್ನು ನಂಬಿತ್ತು! ಆ ಕಾರ್ಖಾನೆಯ ಮೇಲೆ ಕಟ್ಟಿದ ಒಂದೇ ಒಂದು ಹಾಡು ನಮ್ಮ ಗಣಪತಿ ಪೆಂಡಾಲುಗಳಲ್ಲಿ ನನ್ನ ಕಿವಿಗೆ ಬಿದ್ದಿಲ್ಲ. ಪ್ರೇಯಸಿ ಕೈಕೊಟ್ಟ ಹಾಡು ಮಾತ್ರ ಲೆಕ್ಕವಿಲ್ಲದಷ್ಟು.

ನಿಮ್ಮ ಅಪ್ಪಂದಿರು ಶಿಫ್ಟ್ ಮುಗಿಸಿ ಬಂದು ಆಡುತ್ತಿದ್ದ ಮಾತು ಯಾವ ಕನ್ನಡ? ಅರ್ಧ ಮಲೆನಾಡಿನದು, ಅರ್ಧ ವರ್ಕ್‌ಶಾಪಿನದು, ನಡುವೆ ತಮಿಳು, ತೆಲುಗು, ಉರ್ದುವಿನ ಚೂರು. ಅದನ್ನು ಕೊಳಕು ಕನ್ನಡ ಅಂತ ನಾಚಿಕೊಂಡಿದ್ದೀರಿ. ರ‍್ಯಾಪಿಗೆ ಬೆಂಗಳೂರಿನ ಕನ್ನಡ, ಜಾನಪದಕ್ಕೆ ಸಿನಿಮಾದ ಹಳ್ಳಿ ಕನ್ನಡ ಸಾಲ ತರುತ್ತೀರಿ. ಹಾಡು ಕಟ್ಟಲು ಬೇಕಾದ ಮಾತು ಮನೆಯ ಜಗಲಿಯ ಮೇಲೆ ಬಿದ್ದಿದೆ.

ಆ ಹುಡುಗನಿಗೆ ಇಷ್ಟೆಲ್ಲ ಹೇಳಲಿಲ್ಲ, ಸ್ಟೇಜಿನಿಂದ ಕರೆಯುತ್ತಿದ್ದರು. "ಫೌಂಡ್ರಿಯಲ್ಲಿ ರಾತ್ರಿ ಪಾಳಿ ಹೇಗಿರುತ್ತೆ?" ಅಂತ ಮಾತ್ರ ಕೇಳಿದೆ. ಕನ್ನಡಕ ತೆಗೆದ. ಕುಲುಮೆಯ ಬಾಯಿ ತೆರೆದಾಗ ಪಕ್ಕದವನ ಮುಖ ಹೇಗೆ ಕಾಣುತ್ತದೆ, ಬೆಳಗಿನ ಜಾವ ನಿದ್ದೆ ತಡೆಯಲು ಯಾರು ಏನು ಗುನುಗುತ್ತಾರೆ ಅಂತ ಐದು ನಿಮಿಷ ಹೇಳಿದ. ಕೈ ತಾಳ ಹಾಕುತ್ತಿತ್ತು, ಅವನಿಗೇ ಗೊತ್ತಿಲ್ಲದ ಹಾಗೆ.

"ಇದನ್ನ ಬರಿಯಪ್ಪ" ಅಂದೆ.

"ಇದೆಲ್ಲ ಹಾಡಾಗುತ್ತಾ ಅಣ್ಣ?" ಅಂದ.

ಈ ಸಲದ ಗಣಪತಿಗೆ ಮತ್ತೆ ಅದೇ ಪೆಂಡಾಲಿಗೆ ಹೋಗುತ್ತೇನೆ. ನೀವೂ ಬನ್ನಿ.