ಮೊಬೈಲಿನ ಬಾಗಿಲಿಗೂ ಅನುಮತಿ ಬೇಕು

ಸಲಾಂ ಹೇಳಿ, ಒಪ್ಪಿಗೆ ಸಿಗದೆ ಇನ್ನೊಬ್ಬರ ಮನೆಯೊಳಗೆ ಕಾಲಿಡಬಾರದು ಎಂದು ಮದ್ರಸದಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ನಮ್ಮ ಮೊಬೈಲಿನೊಳಗೆ ಯಾರ್‍ಯಾರು ನುಗ್ಗುತ್ತಿದ್ದಾರೆ ಅಂತ ಮಾತ್ರ ನೋಡುವುದೇ ಇಲ್ಲ.

ನಮಾಝಿನ ಸಮಯ, ಕಿಬ್ಲಾದ ದಿಕ್ಕು ತಿಳಿಯಲು ಆ್ಯಪ್ ಹಾಕುತ್ತೇವೆ. ಲೊಕೇಶನ್ ಕೇಳಿದ ಕೂಡಲೇ ‘ಅಲೋ’ ಒತ್ತಿಬಿಡುತ್ತೇವೆ. ‘ಮುಸ್ಲಿಂ ಪ್ರೋ’ ಆ್ಯಪ್ ಬಳಸುವವರ ಲೊಕೇಶನ್ ಎಕ್ಸ್-ಮೋಡ್ ಎಂಬ ಕಂಪೆನಿಗೆ ಹೋಗುತ್ತಿದೆ, ಅದರ ಗಿರಾಕಿಗಳಲ್ಲಿ ಅಮೆರಿಕ ಸೇನೆಯ ಗುತ್ತಿಗೆದಾರರೂ ಇದ್ದಾರೆ ಎಂದು 2020ರಲ್ಲಿ ಮದರ್‌ಬೋರ್ಡ್ ಸುದ್ದಿತಾಣ ಬಯಲು ಮಾಡಿತು. ಆಮೇಲೆಯೇ ಆ್ಯಪ್‌ನವರು ಆ ಸಂಬಂಧ ಕಡಿದುಕೊಂಡದ್ದು.

ಬಾಗಿಲು ಹಾಕುವುದು ಕಷ್ಟವೇನಲ್ಲ. ನಮಾಝಿನ ಆ್ಯಪಿಗೆ ಲೊಕೇಶನ್ ಕೊಡದೆ ಊರಿನ ಹೆಸರನ್ನು ನಾವೇ ಆರಿಸೋಣ. ಆಂಡ್ರಾಯ್ಡ್ 9 ಮತ್ತು ನಂತರದ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ಅಂತ ಇದೆ. ಅಲ್ಲಿ ‘ಡಿಎನ್‌ಎಸ್.ಆ್ಯಡ್‌ಗಾರ್ಡ್-ಡಿಎನ್‌ಎಸ್.ಕಾಮ್’ ಎಂದು ಇಂಗ್ಲಿಷಿನಲ್ಲಿ ಬರೆದು ಸೇವ್ ಮಾಡಿದರೆ ಜಾಹೀರಾತುಗಳೂ ಬೆನ್ನು ಹತ್ತುವ ಟ್ರ್ಯಾಕರ್‌ಗಳೂ ಬಹಳಷ್ಟು ನಿಲ್ಲುತ್ತವೆ. ಯೂಟ್ಯೂಬಿನ ಜಾಹೀರಾತು ಮಾತ್ರ ಇದಕ್ಕೆ ಬಗ್ಗುವುದಿಲ್ಲ.

ಗಲ್ಫ್‌ನಿಂದ ರಜೆಗೆ ಬಂದ ಮಗ ಉಮ್ಮನಿಗೆ ಹೊಸ ಫೋನ್ ಕೊಟ್ಟರೆ ಸಾಲದು. ಹತ್ತು ನಿಮಿಷ ಪಕ್ಕದಲ್ಲಿ ಕೂತು ಇದನ್ನೂ ಮಾಡಿಕೊಡಲಿ. ಇನ್ನೊಬ್ಬರ ಗುಟ್ಟು ಕೆದಕಬಾರದು ಎಂದು ದೀನ್ ಕಲಿಸಿದೆ. ನಮ್ಮ ಮನೆಯ ಗುಟ್ಟು ಕಾಯುವುದೂ ನಮ್ಮದೇ ಜವಾಬ್ದಾರಿ.