ಶುಕ್ರಗ್ರಹದ ಜ್ವಾಲಾಮುಖಿ ಮತ್ತು ಕೋಲಾರದ ದಿಂಬು ಲಾವಾ ಶಿಲೆಗಳು

ಶುಕ್ರಗ್ರಹದ ಅಧ್ಯಯನಕ್ಕಾಗಿ ಕಕ್ಷಾಗಾಮಿ ನೌಕೆಯನ್ನು ಕಳುಹಿಸುವ ರೂ. 1,236 ಕೋಟಿ ವೆಚ್ಚದ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2024ರ ಸೆಪ್ಟೆಂಬರ್ 18ರಂದು ಅನುಮೋದನೆ ನೀಡಿರುತ್ತದೆ. ಬೆಂಗಳೂರಿನಲ್ಲಿ ಕೇಂದ್ರ ಕಛೇರಿಯನ್ನು ಹೊಂದಿರುವ ಇಸ್ರೋ ಸಂಸ್ಥೆಯು ಇದನ್ನು ಕೈಗೊಳ್ಳಲಿದ್ದು, ಅನುಮೋದನೆಯ ವೇಳೆ 2028ರ ಮಾರ್ಚ್ ತಿಂಗಳನ್ನು ಉಡಾವಣೆಗೆ ಗುರಿಯಾಗಿ ಸೂಚಿಸಲಾಗಿತ್ತು. ಈ ಗ್ರಹದ ಭೂವಿಜ್ಞಾನಕ್ಕೂ ಕೋಲಾರ ಜಿಲ್ಲೆಯ ಶಿಲೆಗಳಿಗೂ ಇರುವ ಸಂಬಂಧವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಶುಕ್ರನ ಮಾಟ್ ಮಾನ್ಸ್ ಜ್ವಾಲಾಮುಖಿಯು ಆ ಗ್ರಹದ ಸರಾಸರಿ ಮಟ್ಟದಿಂದ ಸುಮಾರು 8 ಕಿ.ಮೀ. ಎತ್ತರವಿದೆ. ದಟ್ಟ ಮೋಡಗಳ ಕಾರಣ ಇದನ್ನು ರೇಡಾರ್ ಮೂಲಕ ನೋಡಬೇಕಾಗುತ್ತದೆ. ಮೆಗೆಲನ್ ನೌಕೆಯು 1991ರ ಫೆಬ್ರವರಿ ಹಾಗೂ ಅಕ್ಟೋಬರ್ ತಿಂಗಳುಗಳಲ್ಲಿ ತೆಗೆದ ಚಿತ್ರಗಳನ್ನು ವಿಜ್ಞಾನಿಗಳು ಹೋಲಿಸಿದಾಗ, ಜ್ವಾಲಾಮುಖಿಯ ಒಂದು ಬಾಯಿಯು ಸುಮಾರು 2.2 ಚ.ಕಿ.ಮೀ.ನಿಂದ 4 ಚ.ಕಿ.ಮೀ.ಗೆ ಹಿಗ್ಗಿರುವುದು ಕಂಡುಬಂದಿತು. 2023ರಲ್ಲಿ ಪ್ರಕಟವಾದ ಈ ಅಧ್ಯಯನವು ಅಲ್ಲಿ ಜ್ವಾಲಾಮುಖಿ ಚಟುವಟಿಕೆ ನಿಂತಿಲ್ಲವೆಂಬುದಕ್ಕೆ ಪ್ರಬಲ ಆಧಾರವಾಗಿದೆ.

ಗಾತ್ರದಲ್ಲಿ ಶುಕ್ರನು ಭೂಮಿಗೆ ಸಮೀಪನಾದರೂ, ಅಲ್ಲಿನ ನೆಲದ ಉಷ್ಣಾಂಶ ಸುಮಾರು 460 ಡಿಗ್ರಿ ಸೆಲ್ಷಿಯಸ್ ಇದ್ದು, ನೀರು ದ್ರವರೂಪದಲ್ಲಿ ಉಳಿಯಲಾರದು. ಹಿಂದೊಮ್ಮೆ ಅಲ್ಲಿ ನೀರಿತ್ತೇ ಎಂಬುದು ಇಂದಿಗೂ ಇತ್ಯರ್ಥವಾಗದ ಪ್ರಶ್ನೆ.

ಭೂಮಿಯ ಮಟ್ಟಿಗೆ ಇಂತಹ ಪ್ರಶ್ನೆಗೆ ಕೋಲಾರ ಜಿಲ್ಲೆಯಲ್ಲಿಯೇ ಉತ್ತರವಿದೆ. ಕೋಲಾರ ಚಿನ್ನದ ಗಣಿ ಪ್ರದೇಶದ ಪೆದ್ದಪಲ್ಲಿಯಲ್ಲಿ ಸುಮಾರು 270 ಕೋಟಿ ವರ್ಷಗಳ ಹಿಂದಿನ ದಿಂಬು ಲಾವಾ ಶಿಲೆಗಳೂ, ಸ್ಫೋಟದಲ್ಲಿ ಸಿಡಿದ ಚೂರುಗಳಿಂದಾದ ಶಿಲೆಗಳೂ ಇವೆ. ಲಾವಾ ನೀರಿನೊಳಗೆ ಹರಿದಾಗ ಅದರ ಹೊರಮೈ ತಕ್ಷಣ ಗಟ್ಟಿಯಾಗಿ, ದಿಂಬುಗಳನ್ನು ಒಟ್ಟಿದಂತಹ ಆಕಾರ ತಾಳುತ್ತದೆ. ಆದುದರಿಂದ ಈ ಕಲ್ಲುಗಳು ಅಂದಿನ ಜಲರಾಶಿಗೆ ಸಾಕ್ಷಿಯಾಗಿವೆ. ಈ ಸ್ಥಳವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲಾಗಿದೆ.

ಕ್ಯಾಲನೂರು ಸೇರಿದಂತೆ ಕೋಲಾರ ತಾಲ್ಲೂಕಿನ ಬಹುಭಾಗದಲ್ಲಿರುವುದು ನೈಸ್ ಹಾಗೂ ಗ್ರಾನೈಟ್ ಶಿಲೆಗಳು. ಇವು ಲಾವಾ ಶಿಲೆಗಳಲ್ಲ. ಕಟ್ಟಡದ ಕಲ್ಲಿಗಾಗಿ ಗಣಿ ಗುತ್ತಿಗೆಯನ್ನು ಕೋರುವವರು ಕರ್ನಾಟಕ ಉಪ ಖನಿಜ ರಿಯಾಯಿತಿ ನಿಯಮಾವಳಿ, 1994ರಂತೆ ಅರ್ಜಿ ಸಲ್ಲಿಸತಕ್ಕದ್ದು. ಕಟ್ಟಡಕ್ಕೆ ಬೇಕಾದ ಗ್ರಾನೈಟ್ ಜಿಲ್ಲೆಯ ಹಲವೆಡೆ ದೊರೆಯುತ್ತದೆ. ಆದರೆ ದಿಂಬು ಲಾವಾ ಒಮ್ಮೆ ಒಡೆದುಹೋದಲ್ಲಿ ಅದರಲ್ಲಿರುವ ದಾಖಲೆಯನ್ನು ಮರಳಿ ಪಡೆಯಲು ಸಾಧ್ಯವಿಲ್ಲ. ಶುಕ್ರನಲ್ಲಿ ಕೋಟ್ಯಂತರ ಕಿ.ಮೀ. ದೂರ ಸಾಗಿ ಹುಡುಕಬೇಕಾದ ಸಾಕ್ಷ್ಯವು ಇಲ್ಲಿ ನೆಲದ ಮೇಲೆಯೇ ಇರುವುದರಿಂದ, ಸ್ಮಾರಕದ ಶಿಲೆಗಳನ್ನು ಒಡೆಯದಂತೆ, ಮಾದರಿಗಾಗಿಯೂ ಕೀಳದಂತೆ ಸಾರ್ವಜನಿಕರು ಸಹಕರಿಸಲು ಕೋರಲಾಗಿದೆ.