ಕರೆಯೂ ಕರುಣೆಯೂ

ಪರೀಕ್ಷೆಗಳು ಮುಗಿಯುವ ಕಾಲಕ್ಕೆ ಅಧ್ಯಾಪಕರಾದ ನಾವು ವಿದ್ಯಾರ್ಥಿಗಳನ್ನು ತಪ್ಪದೆ ಕೇಳುವ ಪ್ರಶ್ನೆಯೊಂದುಂಟು: ‘ಮುಂದೇನು?’ ಇದಕ್ಕೆ ನಾವು ನಿರೀಕ್ಷಿಸುವ ಉತ್ತರ ಉದ್ಯೋಗವೊಂದರ ಹೆಸರು. ಬೇರೆ ಉತ್ತರ ಬಂದರೆ ನಮಗೆ ಮಾತು ತೋಚದು. ಕಳೆದ ವರ್ಷ ಅಂಕೋಲೆಯ ಕಡೆಯ ನನ್ನ ವಿದ್ಯಾರ್ಥಿಯೊಬ್ಬ, ಕೊಂಕಣಿ ಮನೆಮಾತಿನ ಕ್ಯಾಥೊಲಿಕ್ ತರುಣ, ‘ಸೆಮಿನರಿಗೆ ಸೇರಿ ಪಾದ್ರಿಯಾಗಬೇಕೆಂದು ಮನಸ್ಸಾಗಿದೆ, ಸರ್. ಆದರೆ ಅದು ದೇವರ ಕರೆಯೋ ನನ್ನ ಬಯಕೆಯೋ ತಿಳಿಯುತ್ತಿಲ್ಲ’ ಎಂದ. ಅವನ ತಂದೆ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದರು. ‘ಮೊದಲು ಒಂದು ಕೆಲಸ ನೋಡಿಕೊ, ಉಳಿದದ್ದು ಆಮೇಲೆ’ ಎಂದು ಹೇಳಿ ಕಳುಹಿಸಿದೆ. ನಾನು ಉತ್ತರ ಕೊಡದೆ ನುಣುಚಿಕೊಂಡೆನೆಂಬುದು ಅವನು ಹೋದ ಮೇಲೆ ಹೊಳೆಯಿತು.

ನಾನು ಅವನ ಮತದವನಲ್ಲ. ಆದರೂ ಈ ಪ್ರಶ್ನೆ ಯಾವ ಒಂದು ಮತದ ಸೊತ್ತೂ ಅಲ್ಲ. ಕಾರವಾರದ ಕಡಲತೀರವೇ ಇದಕ್ಕೆ ಸಾಕ್ಷಿ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ ಅವರೊಡನೆ ಬಂದು ತಂಗಿದ್ದ ರವೀಂದ್ರನಾಥ ಠಾಕೂರರು ‘ಪ್ರಕೃತಿರ್ ಪ್ರತಿಶೋಧ’ ನಾಟಕವನ್ನು ಇಲ್ಲಿಯೇ ರಚಿಸಿದರು. ಸ್ನೇಹಪಾಶಗಳನ್ನೆಲ್ಲ ಕಡಿದುಕೊಂಡು ಅನಂತವನ್ನು ಸೇರಹೊರಟ ಸನ್ಯಾಸಿಯೊಬ್ಬನನ್ನು ಅನಾಥ ಬಾಲಿಕೆಯೊಬ್ಬಳ ಪ್ರೀತಿ ಮತ್ತೆ ಲೋಕದ ಕಡೆಗೆ ಸೆಳೆಯುವುದು ಅದರ ವಸ್ತು. ಅವನು ಅವಳನ್ನು ಅರಸಿ ಮರಳುವ ವೇಳೆಗೆ ಅವಳು ಬದುಕಿರುವುದಿಲ್ಲ. ದೂರದ ದೇವರನ್ನು ಹುಡುಕುವ ಭರದಲ್ಲಿ ಹತ್ತಿರದ ಕೈಯನ್ನು ಬಿಟ್ಟವನ ದುರಂತ ಅದು.

ಹಾಗಾದರೆ ಹೊರಡುವುದೇ ತಪ್ಪೆ? ಹಾಗೆನ್ನಲಾಗದು. ಇದಕ್ಕೆ ನಮ್ಮ ಕರಾವಳಿಯೇ ಇನ್ನೊಂದು ನಿದರ್ಶನ ಕೊಡುತ್ತದೆ. 1651ರಲ್ಲಿ ಗೋವೆಯಲ್ಲಿ ಹುಟ್ಟಿ 1676ರಲ್ಲಿ ಗುರುದೀಕ್ಷೆ ಪಡೆದ ಜೋಸೆಫ್ ವಾಜ್‌ರ ಮನಸ್ಸೆಲ್ಲ ಸಿಂಹಳದ ಮೇಲಿತ್ತು. ಡಚ್ಚರ ಆಳ್ವಿಕೆಯಲ್ಲಿ ಅಲ್ಲಿಯ ಕ್ಯಾಥೊಲಿಕರು ಪಾದ್ರಿಗಳಿಲ್ಲದೆ ಉಳಿದಿದ್ದರು. ಆದರೆ ಹಿರಿಯರು 1681ರಲ್ಲಿ ಅವರನ್ನು ಕಳುಹಿಸಿದ್ದು ಕೆನರಾ ಪ್ರಾಂತಕ್ಕೆ. ಕೆಳದಿಯ ಚೆನ್ನಮ್ಮಾಜಿ ಆಳುತ್ತಿದ್ದ ಕಾಲ ಅದು. ತಾವು ಬಯಸದೆ ಬಂದ ಈ ನೆಲದಲ್ಲಿ ಅವರು 3 ವರ್ಷ ದುಡಿದರು. ಇಗರ್ಜಿಗಳನ್ನು ಕಟ್ಟಿಸಿದರು, ಚಿಕ್ಕ ಶಾಲೆಗಳನ್ನು ತೆರೆದರು, ಗುಲಾಮಗಿರಿಗೆ ಬಿದ್ದ ಕ್ರೈಸ್ತರನ್ನು ಹಣ ತೆತ್ತು ಬಿಡಿಸಿದರು. ಗೋವೆಗೆ ಮರಳಿ, 1686ರಲ್ಲಿ ಅಪ್ಪಣೆ ದೊರೆತ ಮೇಲೆ ಅಲ್ಲಿಂದ ಹೊರಟು, ಮರುವರ್ಷ ಕೂಲಿಯ ವೇಷದಲ್ಲಿ ಸಿಂಹಳವನ್ನು ಸೇರಿದರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿ, ಮನೆಯವರೇ ರೋಗಿಗಳನ್ನು ತೊರೆದು ಹೋದಾಗ, ಮತಭೇದವೆಣಿಸದೆ ಅವರನ್ನು ಉಪಚರಿಸಿದವರು ಅವರೇ. 2015ರಲ್ಲಿ ಅವರನ್ನು ಸಂತರೆಂದು ಸಾರಲಾಯಿತು. ಸಿಂಹಳದಲ್ಲಿ ಕಂಡ ಆ ಕರುಣೆ ಕಾಯುತ್ತ ಕಳೆದ ಕೆನರಾದ ದಿನಗಳಲ್ಲಿಯೇ ಕೈಗೆ ಬಂದ ಅಭ್ಯಾಸವಾಗಿತ್ತೆಂದು ನಾನು ಎಣಿಸುತ್ತೇನೆ.

ಇಲ್ಲಿ ಒಂದು ಆಕ್ಷೇಪಣೆ ಸಹಜವೇ ಆಗಿದೆ. ಸಮಾಜಸೇವೆ ಬೇರೆ, ಪೌರೋಹಿತ್ಯ ಬೇರೆ; ಕನಿಕರವುಳ್ಳವರೆಲ್ಲ ಪಾದ್ರಿಗಳಾಗಬೇಕೆ? ಬೇಕಿಲ್ಲ. ಕ್ಯಾಥೊಲಿಕ್ ಧರ್ಮಸಭೆಯೂ ಹಾಗೆನ್ನುವುದಿಲ್ಲ. ತತ್ತ್ವಶಾಸ್ತ್ರ, ದೈವಶಾಸ್ತ್ರಗಳಿಗೆ ಕನಿಷ್ಠ 6 ವರ್ಷಗಳ ವ್ಯಾಸಂಗ, ಬ್ರಹ್ಮಚರ್ಯ, ವಿಧೇಯತೆ ಇವೆಲ್ಲವೂ ಆ ದಾರಿಯಲ್ಲುಂಟು. ಸಾಮಾನ್ಯವಾಗಿ 25 ವರ್ಷ ತುಂಬದೆ ಗುರುದೀಕ್ಷೆಯಿಲ್ಲ. ಒಳದನಿಯನ್ನು ಕೇಳಿದೆನೆಂದು ತರುಣನೊಬ್ಬನೇ ಹೇಳಿದರೆ ಸಾಲದು. ಕೊನೆಗೆ ಧರ್ಮಾಧ್ಯಕ್ಷರೂ ಅವನನ್ನು ಕರೆಯಬೇಕು. ಪಾವಿತ್ರ್ಯದ ಕರೆ ಸಕಲ ವಿಶ್ವಾಸಿಗಳಿಗೂ ಇದೆಯೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಸ್ಪಷ್ಟಪಡಿಸಿತು. ನಿಲುವಂಗಿ ತೊಡದ ಸೇವಾದೀಕ್ಷೆಯೂ ಉಂಟು. ಭಾರತ ಸೇವಕ ಸಮಾಜವನ್ನು ಸೇರಿ, 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟನ್ನು ಸ್ಥಾಪಿಸಿ, ಜಿಲ್ಲೆಯ ಬಡಮಕ್ಕಳಿಗೆ ಶಾಲೆಗಳ ಬಾಗಿಲು ತೆರೆದ ಚುಟುಕು ಕವಿ ದಿನಕರ ದೇಸಾಯಿಯವರನ್ನು ಅಂಕೋಲೆಯ ಜನ ಮರೆಯಬಲ್ಲರೆ?

ಆದುದರಿಂದ ಕರುಣೆಯೊಂದೇ ಕರೆಯ ಪ್ರಮಾಣವಾಗಲಾರದು. ಆದರೆ ಕರುಣೆಯಲ್ಲಿ ಪರೀಕ್ಷೆಗೊಳ್ಳದ ಕರೆಯನ್ನು ನಂಬುವುದೂ ಕಷ್ಟ. ಹಸಿದವನಿಗೆ ಉಣಬಡಿಸಿದೆಯಾ, ರೋಗಿಯನ್ನು ನೋಡಹೋದೆಯಾ ಎಂಬುದೇ ಕಡೆಯ ದಿನದ ವಿಚಾರಣೆಯೆಂದು ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯ ತಿಳಿಸುತ್ತದೆ. ಕಡೆಯ ದಿನಕ್ಕೆ ಸಲ್ಲುವ ಪರೀಕ್ಷೆ ಮೊದಲ ದಿನಕ್ಕೂ ಸಲ್ಲಬೇಕಷ್ಟೆ.

ಈಚೆಗೆ ಅಂಕೋಲೆಯ ಬಸ್ ನಿಲ್ದಾಣದಲ್ಲಿ ಆ ಹುಡುಗ ಕಣ್ಣಿಗೆ ಬಿದ್ದ. ಕೊರಳ ತುಂಬ ಮಣಿಸರ ಧರಿಸಿದ ಹಾಲಕ್ಕಿ ಅಜ್ಜಿಯೊಬ್ಬಳ ಗಂಟನ್ನು ಹೆಗಲಿಗೇರಿಸಿಕೊಂಡು, ಆಸ್ಪತ್ರೆಯ ಚೀಟಿಯನ್ನು ಓದುತ್ತ, ಕಾರವಾರದ ಬಸ್ಸಿಗೆ ಕಾಯುತ್ತಿದ್ದ. ‘ಯಾರಪ್ಪ ಇವರು?’ ಎಂದೆ. ‘ನಮ್ಮ ಮನೆಯ ಹತ್ತಿರದವರು, ಸರ್. ಇವರ ಜೊತೆಗೆ ಯಾರೂ ಇಲ್ಲ’ ಎಂದ. ಸೆಮಿನರಿಯ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಸ್ಸು ಬಂದಿತು, ಅಜ್ಜಿಯನ್ನು ಕೈಹಿಡಿದು ಹತ್ತಿಸಿ ತಾನೂ ಹತ್ತಿದ.

ಅವನು ಪಾದ್ರಿಯಾಗುವನೋ ಗೃಹಸ್ಥನಾಗುವನೋ ನಾನು ಅರಿಯೆ. ಅದನ್ನು ತೀರ್ಮಾನಿಸುವ ಅಧಿಕಾರವೂ ನನಗಿಲ್ಲ. ಅಧ್ಯಾಪಕ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ: ಇಂತಹ ಪ್ರಶ್ನೆಯನ್ನು ಹೊತ್ತು ಬಂದವರನ್ನು ನಗೆಯಾಡಿ ಕಳುಹಿಸಬೇಡಿ, ಅವಸರಪಡಿಸಲೂ ಬೇಡಿ. ಕುಳ್ಳಿರಿಸಿ, ಪೂರ್ತಿ ಕೇಳಿ. ಆ ತರುಣ ಮತ್ತೊಮ್ಮೆ ನನ್ನ ಬಳಿಗೆ ಬಂದರೆ, ‘ಮುಂದೇನು?’ ಎನ್ನುವುದಕ್ಕೆ ಮೊದಲು, ‘ತಂದೆಯವರು ಹೇಗಿದ್ದಾರೆ?’ ಎಂದು ಕೇಳುವೆನು. ಅಂದು ಕೇಳಲು ಮರೆತ ಮಾತು ಅದು.